ಉಳಿತಾಯ ಯಾರದು, ಅಪಾಯ ಯಾರದು?

ಸಾಹಿತ್ಯ ಸಮ್ಮೇಳನದ ನೆನಪಿನ ಸಂಚಿಕೆಯಲ್ಲಿ ಎಂಜಿನ್ನಿನ ಬೋಲ್ಟಿಗೆ ಏನು ಕೆಲಸ ಎಂದು ಓದುಗರು ಕೇಳಬಹುದು. ತಾಳವಾಡಿ ಸೀಮೆಯವರಾದ ನಮಗೆ ಅದು ದೂರದ ವಿಷಯವಲ್ಲ. ನಾವು ಬೆಳೆದ ಕೋಸು, ಟೊಮೆಟೊ ಸತ್ಯಮಂಗಲದ ಕಡೆಯ ಮಾರುಕಟ್ಟೆ ಸೇರಬೇಕಾದರೆ ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವುಗಳನ್ನು ಇಳಿಯಬೇಕು. ಗೊಬ್ಬರ, ಸಿಮೆಂಟು, ದಿನಸಿ ಊರು ಸೇರಬೇಕಾದರೆ ಅವನ್ನೇ ಹತ್ತಬೇಕು. ನಮ್ಮ ಬದುಕಿನ ಒಂದು ಪಾಲು ಎಂಜಿನ್ನುಗಳ ಮೇಲೆ ನಿಂತಿದೆ. ಅಂಥ ಒಂದು ಎಂಜಿನ್ನು ನಮಗೆ ಕಲಿಸಿದ ಧರ್ಮಸೂಕ್ಷ್ಮವೊಂದನ್ನು ಸಂಘದ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ಎಂಜಿನ್ನಿನ ಕೆಳಭಾಗಕ್ಕೆ ಬ್ಲಾಕ್ ಎಂದೂ ಮೇಲಿನ ಮುಚ್ಚಳದಂಥ ಭಾಗಕ್ಕೆ ಹೆಡ್ ಎಂದೂ ಹೆಸರು. ಇವೆರಡರ ನಡುವೆ ತೆಳುವಾದ ಗ್ಯಾಸ್ಕೆಟ್ ಇರುತ್ತದೆ. ಒಂದೆಡೆ ಬೆಂಕಿ, ಒಂದೆಡೆ ನೀರು, ಇನ್ನೊಂದೆಡೆ ಎಣ್ಣೆ. ಈ ಮೂರೂ ಒಂದರೊಳಗೊಂದು ಸೇರದಂತೆ ಕಾಯುವುದು ಅದರ ಕೆಲಸ. ಆ ಗ್ಯಾಸ್ಕೆಟ್ಟನ್ನು ಅದುಮಿ ಹಿಡಿಯುವವು ಹೆಡ್ ಬೋಲ್ಟುಗಳು. ನಾಲ್ಕು ಸಿಲಿಂಡರಿನ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಇಂಥವು 10 ಇರುತ್ತವೆ. ನಿಮಿಷಕ್ಕೆ 2,000 ಸುತ್ತು ತಿರುಗುವ ನಾಲ್ಕು ಸ್ಟ್ರೋಕಿನ ಎಂಜಿನ್ನಿನ ಒಂದೊಂದು ಸಿಲಿಂಡರಿನಲ್ಲೂ ಆ ಒಂದು ನಿಮಿಷದಲ್ಲಿ 1,000 ಸಲ ಇಂಧನ ಉರಿಯುತ್ತದೆ. ಅಷ್ಟೂ ಸಲ ಮೇಲಕ್ಕೇಳಲು ತವಕಿಸುವ ಹೆಡ್ಡನ್ನು ಈ ಬೋಲ್ಟುಗಳು ಹಿಡಿದಿಡಬೇಕು.

ಬೋಲ್ಟು ಕೇವಲ ಮೊಳೆಯಲ್ಲ. ಅದೊಂದು ಬಿಗಿಯಾದ ಸ್ಪ್ರಿಂಗು. ಬಿಗಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಕುಗ್ಗಲು ಬಯಸುತ್ತದೆ; ಆ ಬಯಕೆಯೇ ಹಿಡಿತ. ಎಳೆದಷ್ಟೂ ಹಿಗ್ಗುವ, ಬಿಟ್ಟೊಡನೆ ಮೊದಲಿನಂತಾಗುವ ಈ ಗುಣದ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ವಿವರಿಸಿದ. ಆದರೆ ಈ ಗುಣಕ್ಕೆ ಮಿತಿಯುಂಟು. ಮಿತಿ ದಾಟಿ ಎಳೆದ ಲೋಹ ಬಿಟ್ಟ ಮೇಲೂ ಪೂರ್ತಿ ಹಿಂದಿರುಗದು. ಒಂದಿಷ್ಟು ಉದ್ದವಾಗಿಯೇ ಉಳಿಯುತ್ತದೆ. ಹಳೆಯ ಕಾಲದ ಎಂಜಿನ್ನುಗಳ ಬೋಲ್ಟುಗಳನ್ನು ಬಹುಮಟ್ಟಿಗೆ ಈ ಮಿತಿಯೊಳಗೇ ಬಿಗಿಯುತ್ತಿದ್ದರು. ಬಿಚ್ಚಿ, ತೊಳೆದು, ಪರೀಕ್ಷಿಸಿ ಮತ್ತೆ ಹಾಕಬಹುದಿತ್ತು. ಈಚಿನ ಅನೇಕ ಎಂಜಿನ್ನುಗಳಲ್ಲಿ ಹಾಗಲ್ಲ. ಮೊದಲು ನಿಗದಿಯಾದ ಬಲಕ್ಕೆ ಬಿಗಿದು, ಆಮೇಲೆ 90 ಡಿಗ್ರಿ, ಮತ್ತೆ 90 ಡಿಗ್ರಿ ಎಂಬಂತೆ ಕೋನದ ಲೆಕ್ಕದಲ್ಲಿ ತಿರುಗಿಸಿ, ಬೋಲ್ಟನ್ನು ಬೇಕೆಂದೇ ಆ ಮಿತಿಯ ಅಂಚು ದಾಟಿಸುತ್ತಾರೆ. ಎಲ್ಲ ಬೋಲ್ಟುಗಳ ಹಿಡಿತವೂ ಸಮನಾಗಲಿ ಎಂಬುದು ಇದರ ಹಿಂದಿನ ವಿಚಾರ. ಇಂಥ ಬೋಲ್ಟು ತನ್ನ ಶಕ್ತಿಯನ್ನು ಒಂದೇ ಸಲ ಪೂರ್ತಿಯಾಗಿ ಕೊಡುತ್ತದೆ. ಬಿಚ್ಚಿದ ಮೇಲೆ ಕಣ್ಣಿಗೆ ಮೊದಲಿನಂತೆಯೇ ಕಾಣುತ್ತದೆ. ತೊಡಕು ಇರುವುದು ಇಲ್ಲಿಯೇ.

ಕೆಲವು ವರ್ಷಗಳ ಹಿಂದೆ ನಾವು ಅಣ್ಣತಮ್ಮಂದಿರು ಕೂಡಿ ಒಂದು ಸರಕು ವಾಹನ ಇಟ್ಟಿದ್ದೆವು. ಒಮ್ಮೆ ಘಟ್ಟ ಹತ್ತುವಾಗ ಅದರ ಹೆಡ್ ಗ್ಯಾಸ್ಕೆಟ್ ಹೋಯಿತು. ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿತ್ತು, ಎಂಜಿನ್ ಆಯಿಲು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಘಟ್ಟದ ಕೆಳಗಿನ ಗ್ಯಾರೇಜೊಂದರಲ್ಲಿ ಬಿಚ್ಚಿಸಿದೆವು. ಮೇಸ್ತ್ರಿ ಬೋಲ್ಟುಗಳನ್ನು ಗೋಣಿಚೀಲದ ಮೇಲೆ ಸಾಲಾಗಿ ಜೋಡಿಸಿ ಕೇಳಿದರು: “ಯಜಮಾನ್ರೇ, ಕಂಪನಿಯವರು ಹೊಸದೇ ಹಾಕಿ ಅಂತಾರೆ. ಹಳೇದನ್ನೇ ಹಾಕಿಸ್ಕೊಂಡು ಹೋಗೋರೂ ಇದ್ದಾರೆ. ಏನು ಮಾಡ್ಲಿ?”

ಹೊಸ ಬೋಲ್ಟು ಬರಲು ಎರಡು ದಿನ ಬೇಕಿತ್ತು. ಹೊಲದಲ್ಲಿ ಟೊಮೆಟೊ ಹಣ್ಣಾಗಿ ನಿಂತಿತ್ತು. ಗ್ಯಾಸ್ಕೆಟ್, ಹೆಡ್ಡಿನ ಫೇಸಿಂಗ್, ಕೂಲಿ ಎಂದು ಆಗಲೇ ಕೈಯಿಂದ ಹಣ ಹೋಗಿತ್ತು. ಆ ಖರ್ಚಿನ ಮುಂದೆ ಬೋಲ್ಟಿನ ಬೆಲೆ ಚಿಕ್ಕದೇ. ಆದರೂ ನಾವು ನೋಡಿದೆವು, ಎಲ್ಲವೂ ನೆಟ್ಟಗೆ ಕಂಡವು. “ಹಳೇದನ್ನೇ ಹಾಕಿ” ಎಂದೆವು.

ಹಾಗೆನ್ನುವಾಗ ನಮಗೆ ತಪ್ಪು ಮಾಡುತ್ತಿರುವ ಭಾವವೇ ಇರಲಿಲ್ಲ. ಬದಲಿಗೆ ಹಿರಿಯರ ದಾರಿಯಲ್ಲಿ ನಡೆಯುತ್ತಿದ್ದೇವೆ ಎನಿಸಿತ್ತು. ನಮ್ಮ ಮನೆಗಳಲ್ಲಿ ಯಾವುದನ್ನೂ ಸುಮ್ಮನೆ ಬಿಸಾಡಿದವರಿಲ್ಲ. ಹಳೆಯ ಸೀರೆ ತೊಟ್ಟಿಲಾಯಿತು. ಸವೆದ ಗುಳ ಕುಲುಮೆಗೆ ಹೋಗಿ ಹೊಸ ಮೊನೆ ಪಡೆಯಿತು. ಮಿತವ್ಯಯ ನಮಗೆ ಬಡತನ ಕಲಿಸಿದ ಜಾಣತನವಷ್ಟೇ ಅಲ್ಲ, ಸಂಸ್ಕಾರ.

ಮೂರು ತಿಂಗಳು ಕಳೆದಿರಲಿಲ್ಲ. ಒಂದು ಸಂಜೆ ಗೊಬ್ಬರ ಹೇರಿಕೊಂಡು ಘಟ್ಟ ಹತ್ತುತ್ತಿದ್ದ ವಾಹನ ಮೇಲಿನ ತಿರುವೊಂದರಲ್ಲಿ ಬಿಳಿ ಹೊಗೆ ಕಾರುತ್ತ ನಿಂತಿತು. ಓಡಿಸುತ್ತಿದ್ದವನು ನಮ್ಮ ಊರಿನವನೇ ಆದ ಯುವಕ. ಆನೆ ಓಡಾಡುವ ಆ ಕಾಡಿನಲ್ಲಿ ಬೆಳಗಿನ ಜಾವದವರೆಗೆ ಕ್ಯಾಬಿನ್ನಿನಲ್ಲೇ ಕುಳಿತಿದ್ದ. ನಾವು ಹೋದಾಗ ಮೊದಲು ಕೇಳಿದ್ದು ಅವನ ಕ್ಷೇಮವನ್ನಲ್ಲ. “ಬಿಸಿಯ ಮುಳ್ಳು ನೋಡದೆ ಓಡಿಸಿದೆಯಲ್ಲ, ನಿನಗೆ ಕಣ್ಣಿರಲಿಲ್ಲವೇ?” ಎಂದೆವು. “ಮುಳ್ಳು ಏರಿದ್ದೇ ಈ ತಿರುವಿನಲ್ಲಿ ಅಣ್ಣಾ, ಏರಿದ ತಕ್ಷಣ ನಿಲ್ಲಿಸಿದೆ” ಎಂದ. ನಾವು ನಂಬಲಿಲ್ಲ. ಆ ತಿಂಗಳ ಸಂಬಳದಲ್ಲಿ ಒಂದು ಪಾಲು ಮುರಿದುಕೊಂಡೆವು.

ಹಣ ಹೊಂದಿಸಿಕೊಂಡು ಎಂಜಿನ್ನು ಬಿಚ್ಚಿಸಿದ್ದು ಆಮೇಲೆ. ಮೇಸ್ತ್ರಿ ಮತ್ತೆ ಗೋಣಿಚೀಲದ ಮೇಲೆ ಬೋಲ್ಟುಗಳನ್ನು ಸಾಲಾಗಿಟ್ಟರು. ಈ ಸಲ ವರ್ನಿಯರ್ ಹಿಡಿದು ಒಂದೊಂದನ್ನೇ ಅಳೆದರು. ಎರಡು ಬೋಲ್ಟುಗಳ ನಡು ಸಣಕಲಾಗಿತ್ತು. ಉಳಿದವುಗಳಿಗಿಂತ ಉದ್ದವೂ ಹೆಚ್ಚಿತ್ತು. ಗ್ಯಾಸ್ಕೆಟ್ ಹೋಗಿದ್ದುದೂ ಅವೆರಡರ ಪಕ್ಕದಲ್ಲೇ. ಮೇಸ್ತ್ರಿ ಏನೂ ಅನ್ನಲಿಲ್ಲ. ಅವರು ಮೊದಲೇ ಕೇಳಿದ್ದರು, ಉತ್ತರ ನಮ್ಮದಾಗಿತ್ತು.

ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ 1877ರಲ್ಲಿ ನಂಬಿಕೆಯ ನೀತಿಯನ್ನು ಕುರಿತು ಒಂದು ಪ್ರಬಂಧ ಬರೆದ. ಅದು ಒಬ್ಬ ಹಡಗಿನ ಯಜಮಾನನ ದೃಷ್ಟಾಂತದಿಂದ ಆರಂಭವಾಗುತ್ತದೆ. ಅವನ ಹಡಗು ಹಳೆಯದು. ಪರೀಕ್ಷಿಸಿ ರಿಪೇರಿ ಮಾಡಿಸಬೇಕೆಂಬ ಅನುಮಾನ ಅವನಿಗೇ ಇತ್ತು. ಖರ್ಚಿನ ಯೋಚನೆ ಬಂದೊಡನೆ, ಇಷ್ಟು ಯಾನಗಳನ್ನು ಕ್ಷೇಮವಾಗಿ ಮುಗಿಸಿದ ಹಡಗು ಈ ಸಲವೂ ಮುಗಿಸೀತು ಎಂದು ತನ್ನನ್ನು ತಾನೇ ನಂಬಿಸಿಕೊಂಡ. ಹಡಗು ಮುಳುಗಿತು, ಅವನು ವಿಮೆಯ ಹಣ ಪಡೆದ. ಅವನ ನಂಬಿಕೆ ಪ್ರಾಮಾಣಿಕವೇ ಇದ್ದಿರಬಹುದು, ಆದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ ಎಂಬುದು ಕ್ಲಿಫರ್ಡನ ವಾದ. ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ: ಹಡಗು ಮುಳುಗದೆ ದಡ ಸೇರಿದ್ದರೂ ಯಜಮಾನನ ದೋಷ ಕಡಿಮೆಯಾಗುತ್ತಿರಲಿಲ್ಲ, ಸಿಕ್ಕಿಬೀಳುತ್ತಿರಲಿಲ್ಲ, ಅಷ್ಟೆ.

ಈ ಮಾತು ನಮ್ಮನ್ನು ಚುಚ್ಚುತ್ತದೆ. ನಮ್ಮ ವಾಹನ ವರ್ಷಗಟ್ಟಲೆ ಚೆನ್ನಾಗಿ ಓಡಿದ್ದರೆ ನಾವು ಅದನ್ನು ಜಾಣತನವೆಂದೇ ಹೇಳಿಕೊಳ್ಳುತ್ತಿದ್ದೆವು. ಆದರೆ ತಪ್ಪು ನಡೆದದ್ದು ಘಟ್ಟದಲ್ಲಲ್ಲ, ಗೋಣಿಚೀಲದ ಮುಂದೆ. ಅಳೆಯಲು ಸಾಧನವಿತ್ತು, ಕೇಳಲು ಮೇಸ್ತ್ರಿ ಇದ್ದರು. ನಾವು ಕಣ್ಣಂದಾಜಿಗೆ ಸಮಾಧಾನಪಟ್ಟೆವು. ಕಣ್ಣು ನಮ್ಮ ಪರವಾಗಿ ಸಾಕ್ಷಿ ಹೇಳಲೆಂದೇ ನೋಡಿತ್ತು.

ಹಾಗಾದರೆ ಬಿಚ್ಚಿದ್ದನ್ನೆಲ್ಲ ಬಿಸಾಡಿ ಹೊಸದು ತರುವುದೇ ಧರ್ಮವೇ? ಅದನ್ನೂ ಒಪ್ಪಲಾಗದು. ಗಟ್ಟಿಯಾದದ್ದನ್ನು ಎಸೆಯುವುದು ಅದನ್ನು ಅಗೆದ, ಕರಗಿಸಿದ, ಕಡೆದ ಕೈಗಳ ದುಡಿಮೆಗೆ ಅಗೌರವ. ಹೊಸದೆಂಬ ಕಾರಣಕ್ಕೇ ಎಲ್ಲವೂ ಒಳ್ಳೆಯದಲ್ಲ. ಹೆಸರಾಂತ ಡಬ್ಬಿಯಲ್ಲಿ ನಕಲಿ ಮಾಲೂ ಬರುತ್ತದೆ. ಹೊಸ ಬೋಲ್ಟನ್ನೂ ಕೊಳೆ ತುಂಬಿದ ಥ್ರೆಡ್ಡಿಗೆ ಹಾಕಿದರೆ ಟಾರ್ಕ್ ರೆಂಚು ಸುಳ್ಳು ಹೇಳುತ್ತದೆ. ನಾವು ಹಾಕುವ ಬಲದಲ್ಲಿ ಹೆಚ್ಚು ಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆಗೇ ಹೋಗುತ್ತದೆ. ಕೊಳೆ, ತುಕ್ಕು ಇದ್ದರೆ ಹಿಡಿತಕ್ಕೆ ಉಳಿಯುವುದು ಇನ್ನೂ ಕಡಿಮೆ. ತಯಾರಕರ ಸೂಚನೆಯೇ ಕೆಲವು ಎಂಜಿನ್ನುಗಳಲ್ಲಿ ಹಳೆಯ ಬೋಲ್ಟಿನ ಉದ್ದ ಅಳೆದು, ಮಿತಿಯೊಳಗಿದ್ದರೆ ಮತ್ತೆ ಬಳಸಲು ಒಪ್ಪುತ್ತದೆ. ಕೆಲವು ಎಂಜಿನ್ನುಗಳಲ್ಲಿ ಒಂದೇ ಬಳಕೆ ಎಂದು ಖಂಡಿತವಾಗಿ ಹೇಳುತ್ತದೆ. ಆದ್ದರಿಂದ ಪ್ರಶ್ನೆ ಹಳತು ಹೊಸತಿನದಲ್ಲ. ತಿಳಿದು ಮಾಡುವುದೋ, ತಿಳಿಯದೆ ಮಾಡುವುದೋ ಎಂಬುದು.

ಅದರ ಜೊತೆಗೆ ಇನ್ನೊಂದು ಪ್ರಶ್ನೆಯಿದೆ. ಹಿರಿಯರ ಮಿತವ್ಯಯಕ್ಕೂ ನಮ್ಮ ಮಿತವ್ಯಯಕ್ಕೂ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಕುಲುಮೆಯಲ್ಲಿ ಕಾಯಿಸಿದ ಗುಳ ಉಳುವಾಗ ಮುರಿದರೆ ಕಷ್ಟ ಉಳುವವನಿಗೇ, ಉಳಿಸಿದವನೂ ಅವನೇ. ನಮ್ಮ ಲೆಕ್ಕದಲ್ಲಿ ಉಳಿತಾಯ ನಮ್ಮ ಜೇಬಿಗೆ ಬಂತು, ಕಾಡಿನ ರಾತ್ರಿ ಇನ್ನೊಬ್ಬನ ಪಾಲಿಗೆ ಹೋಯಿತು. ತನ್ನ ಊಟದಲ್ಲಿ ಕಡಿಮೆ ಮಾಡಿಕೊಂಡು ಉಳಿಸುವುದು ಸಂಯಮ. ಪರರ ಸುರಕ್ಷೆಯಲ್ಲಿ ಕಡಿಮೆ ಮಾಡಿ ಉಳಿಸುವುದಕ್ಕೆ ಮಿತವ್ಯಯವೆಂಬ ಹೆಸರು ಸಲ್ಲದು. ಕನಿಷ್ಠ ಪಕ್ಷ ಆ ಯುವಕನಿಗೆ “ಹಳೆಯ ಬೋಲ್ಟು ಹಾಕಿಸಿದ್ದೇವೆ, ನೋಡಿಕೊಂಡು ಓಡಿಸು” ಎಂದಾದರೂ ಹೇಳಬಹುದಿತ್ತು. ಆಗ ಅವನು ಒಪ್ಪುತ್ತಿದ್ದನೋ ಇಲ್ಲವೋ, ತೀರ್ಮಾನದಲ್ಲಿ ಅವನಿಗೂ ಪಾಲಿರುತ್ತಿತ್ತು.

ಈಗ ನಮ್ಮ ಮನೆಯಲ್ಲಿ ಯಾವುದನ್ನು ಮತ್ತೆ ಬಳಸುವಾಗಲೂ ಮೂರು ಮಾತು ಕೇಳಿಕೊಳ್ಳುತ್ತೇವೆ. ಇದರಲ್ಲಿ ಶಕ್ತಿ ಉಳಿದಿದೆಯೆಂದು ಅಳೆದು ನೋಡಿದ್ದೇವೆಯೇ? ಇದು ಸೋತರೆ ನೋವು ಯಾರಿಗೆ? ಆ ನೋವು ಉಣ್ಣಬೇಕಾದವನಿಗೆ ತಿಳಿಸಿದ್ದೇವೆಯೇ? ಗುಡಿಯ ತೇರಿನ ಹಗ್ಗಕ್ಕೂ ಶಾಲೆಯ ಮಾಡಿನ ತೊಲೆಗೂ ಸಂಘದ ಚಪ್ಪರದ ಕಂಬಕ್ಕೂ ಈ ಮೂರೂ ಸಲ್ಲುತ್ತವೆ.

ಆ ದಿನ ಗ್ಯಾರೇಜಿನಿಂದ ನೇರವಾಗಿ ಯುವಕನ ಮನೆಗೆ ಹೋದೆವು. ಮುರಿದುಕೊಂಡಿದ್ದ ಸಂಬಳವನ್ನು ಅವನ ತಾಯಿಯ ಎದುರಿಗೇ ಕೊಟ್ಟು, ತಪ್ಪು ನಮ್ಮದೆಂದು ಹೇಳಿದೆವು. ಅವನು ಹಣ ತೆಗೆದುಕೊಂಡ. “ಹೋಗ್ಲಿ ಬಿಡಿ ಅಣ್ಣಾ” ಎಂದ. ಆದರೆ ಮುಂದಿನ ತಿಂಗಳಿನಿಂದ ಬೇರೆಯವರ ಗಾಡಿಗೆ ಸೇರಿಕೊಂಡ. ಅವನನ್ನು ದೂರಲು ನಮ್ಮಲ್ಲಿ ಮಾತಿರಲಿಲ್ಲ. ಹತ್ತು ಹೊಸ ಬೋಲ್ಟು ಎರಡು ದಿನಗಳಲ್ಲಿ ಬಂದವು.