ಹದ್ದಿಗೆ ಗೋಡೆಯಿಲ್ಲ

ಅಡುಗೆಮನೆಯ ಮುಸುರೆಗೂ ಆಕಾಶದಲ್ಲಿ ಹಾರುವ ಯುದ್ಧವಿಮಾನಕ್ಕೂ ಏನು ಸಂಬಂಧ ಎಂದು ಕೇಳಿದರೆ ಯಾರಿಗಾದರೂ ನಗು ಬರುತ್ತದೆ. ಬೀದರಿನಲ್ಲಿ ಮನೆ ಮಾಡಿಕೊಂಡಿರುವ ನನ್ನ ತಂಗಿಗೂ ಮೊದಲು ನಗುವೇ ಬಂದಿತ್ತು. ಆದರೆ ಸಂಬಂಧವಿದೆ. ಆ ಸಂಬಂಧದ ಹೆಸರು ಹದ್ದು.

ಬೀದರಿನಲ್ಲಿ ವಾಯುಪಡೆಯ ತರಬೇತಿ ನೆಲೆಯಿದೆ. ದೇಶವೆಲ್ಲ ಕತ್ತೆತ್ತಿ ನೋಡುವ ಸೂರ್ಯಕಿರಣ ತಂಡ ಹುಟ್ಟಿದ್ದು 1996ರಲ್ಲಿ, ಅಲ್ಲಿಯೇ. 2008ರಿಂದ ಹಾಕ್ ಎಂಬ ಜೆಟ್ ವಿಮಾನದಲ್ಲಿ ಎಳೆಯ ಪೈಲಟ್‌ಗಳು ಅಲ್ಲಿ ಕಲಿಯುತ್ತಾರೆ. 2016ರ ಜೂನ್ ತಿಂಗಳಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಎಂಬ ಮೂವರು ಹುಡುಗಿಯರು ನಮ್ಮ ದೇಶದ ಮೊದಲ ಮಹಿಳಾ ಯುದ್ಧವಿಮಾನ ಪೈಲಟ್‌ಗಳಾಗಿ ನೇಮಕಗೊಂಡರಲ್ಲ, ಅವರೂ ಮುಂದಿನ ತರಬೇತಿಗೆ ಬಂದದ್ದು ಈ ಬೀದರಿಗೇ. ಹಾಕ್ ವಿಮಾನಕ್ಕೆ ಇರುವುದು ಒಂದೇ ಇಂಜಿನು. ಅದು ನೆಲ ಬಿಟ್ಟು ಏಳುವಾಗಲೂ ನೆಲಕ್ಕೆ ಇಳಿಯುವಾಗಲೂ ಹಕ್ಕಿಗಳು ಹಾರುವ ಎತ್ತರವನ್ನು ಹಾದೇ ಹೋಗಬೇಕು. ಏನಾದರೂ ಎಡವಟ್ಟಾದರೆ ಸರಿಪಡಿಸಿಕೊಳ್ಳಲು ಎತ್ತರವೂ ಇಲ್ಲ, ಸಮಯವೂ ಇಲ್ಲ ಎನ್ನುವ ಗಳಿಗೆ ಅದು.

ಒಂದು ಹದ್ದು ಎಷ್ಟು ತೂಗೀತು? ಹೆಚ್ಚೆಂದರೆ ಒಂದು ಕಿಲೋ. ಅಷ್ಟರಿಂದ ಲೋಹದ ವಿಮಾನಕ್ಕೆ ಏನಾದೀತು ಎಂದು ನಾನು ನಮ್ಮ ಶಾಲೆಯ ವಿಜ್ಞಾನದ ಸರ್ ಅವರನ್ನು ಕೇಳಿದೆ. ಅವರು ಕರಿಹಲಗೆಯ ಮೇಲೆ ಲೆಕ್ಕ ಹಾಕಿ ತೋರಿಸಿದರು. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಹಕ್ಕಿ ಮೆಲ್ಲಗೇ ತೇಲುತ್ತಿರಬಹುದು, ವಿಮಾನ ಮೆಲ್ಲಗಿಲ್ಲವಲ್ಲ. ಇಂಜಿನು ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುವಾಗ ಹಕ್ಕಿಯನ್ನೂ ಎಳೆದುಕೊಂಡರೆ ಒಳಗೆ ಗರಗರ ತಿರುಗುವ ಅಲಗುಗಳು ಮುರಿಯುತ್ತವೆ.

ಇದು ಬರೀ ಹೆದರಿಕೆಯ ಮಾತಲ್ಲ. 2019ರ ಜೂನ್ 27ರಂದು ಹರಿಯಾಣದ ಅಂಬಾಲ ವಾಯುನೆಲೆಯಿಂದ ಮೇಲೆದ್ದ ಜಾಗ್ವಾರ್ ವಿಮಾನಕ್ಕೆ ಹಕ್ಕಿಗಳು ಸಿಕ್ಕಿ ಒಂದು ಇಂಜಿನು ಕೆಟ್ಟಿತು. ಪೈಲಟ್ ಗಾಬರಿಯಾಗದೆ ಹೆಚ್ಚುವರಿ ಇಂಧನದ ಟ್ಯಾಂಕುಗಳನ್ನೂ ಅಭ್ಯಾಸದ ಸಣ್ಣ ಬಾಂಬುಗಳನ್ನೂ ಕಳಚಿ ಕೆಡವಿ, ವಿಮಾನವನ್ನು ಹಗುರ ಮಾಡಿಕೊಂಡು, ಸುರಕ್ಷಿತವಾಗಿ ಇಳಿಸಿದ. ಜಾಗ್ವಾರಿಗೆ ಎರಡು ಇಂಜಿನುಗಳಿದ್ದವು, ಬದುಕಿತು. ಮರುವರುಷ ಅದೇ ಅಂಬಾಲಕ್ಕೆ ರಫೇಲ್ ವಿಮಾನಗಳು ಬಂದವು. ಆಗ ವಾಯುಪಡೆಯು ಊರಿನ ಕಸದ ವಿಚಾರವಾಗಿ ಹರಿಯಾಣ ಸರಕಾರಕ್ಕೆ ಪತ್ರ ಬರೆಯಬೇಕಾಯಿತು. ಅಷ್ಟು ಬಲಶಾಲಿಯಾದ ವಿಮಾನವನ್ನು ಕೊಂಡ ಮೇಲೂ ಕೊನೆಗೆ ಬೇಡಿಕೊಳ್ಳಬೇಕಾದದ್ದು, ದಯವಿಟ್ಟು ಕಸವನ್ನು ಸರಿಯಾಗಿ ವಿಲೇವಾರಿ ಮಾಡಿ ಎಂದು!

ವಾಯುನೆಲೆಯ ಗೋಡೆಯೊಳಗಿನ ಶಿಸ್ತು ಕೇಳಿದರೆ ಹೆಂಗಸರಾದ ನಮಗೆ ಮೆಚ್ಚುಗೆಯಾಗುತ್ತದೆ. ರನ್‌ವೇಯನ್ನು ಗುಡಿಸುತ್ತಾರೆ. ಸಾಲಾಗಿ ನಡೆಯುತ್ತ ಕಲ್ಲುಹರಳು, ಮೊಳೆ, ತಂತಿಯ ತುಂಡು ಏನು ಸಿಕ್ಕರೂ ಬಗ್ಗಿ ಆರಿಸುತ್ತಾರೆ. ನಾವು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸಿದ ಹಾಗೆ! ರಿಪೇರಿ ಮುಗಿದ ಮೇಲೆ ಸ್ಪಾನರುಗಳನ್ನು ಎಣಿಸಿ ಲೆಕ್ಕ ಒಪ್ಪಿಸುತ್ತಾರೆ. ಒಂದು ಕಡಿಮೆಯಾದರೂ ಹುಡುಕದೆ ವಿಮಾನವನ್ನು ಬಿಡುವುದಿಲ್ಲ. 2000ದ ಜುಲೈ 25ರಂದು ಪ್ಯಾರಿಸಿನಲ್ಲಿ ಕಾಂಕಾರ್ಡ್ ವಿಮಾನ ಬಿದ್ದು 113 ಜನ ಸತ್ತದ್ದು, ಅದಕ್ಕಿಂತ ಮುಂಚೆ ಹಾರಿದ ಇನ್ನೊಂದು ವಿಮಾನದಿಂದ ಉದುರಿದ್ದ ಮೊಳದುದ್ದದ ಲೋಹದ ಪಟ್ಟಿಯಿಂದ. ಹಾಗಾಗಿ ಗೋಡೆಯೊಳಗೆ ಯಾವುದೂ ಚಿಕ್ಕದಲ್ಲ. ಅದಕ್ಕಿಂತ ಮುಖ್ಯವಾಗಿ, ಒಂದೊಂದು ಚಿಕ್ಕದಕ್ಕೂ ಹೊಣೆಯಾದ ಒಬ್ಬ ಮನುಷ್ಯನಿದ್ದಾನೆ. ಹಕ್ಕಿ ಓಡಿಸಲು ಕೂಡ ಪಟಾಕಿ ಹಿಡಿದು ನಿಂತವರಿದ್ದಾರೆ.

ಆದರೆ ಹದ್ದಿಗೆ ಗೋಡೆಯಿಲ್ಲ. ಒಳಗೆ ಓಡಿಸಿದರೆ ಹೊರಗೆ ಹೋಗುತ್ತದೆ, ಹೊರಗೆ ಕರೆದರೆ ಒಳಗಿನ ಆಕಾಶವನ್ನು ದಾಟಿಯೇ ಬರುತ್ತದೆ. ಕರೆಯುವವರು ನಾವು.

ಹಳ್ಳಿಯಲ್ಲಿ ನಮ್ಮವ್ವನ ಕಾಲಕ್ಕೆ ಕಸ ಎಂಬುದು ಇಷ್ಟಿರಲಿಲ್ಲ. ಮುಸುರೆ ಎಮ್ಮೆಗೆ ಹೋಗುತ್ತಿತ್ತು, ಸಿಪ್ಪೆ ಆಡಿಗೆ, ಉಳಿದದ್ದು ತಿಪ್ಪೆಗೆ, ತಿಪ್ಪೆ ಹೊಲಕ್ಕೆ. ಪಟ್ಟಣದ ಮನೆಯಲ್ಲಿ ಎಮ್ಮೆಯಿಲ್ಲ, ತಿಪ್ಪೆಯಿಲ್ಲ. ಅನ್ನ, ಸಾರು, ಕೋಳಿಯ ಎಲುಬು ಎಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಖಾಲಿ ಸೈಟಿಗೆ ಒಗೆದರೆ ಮನೆ ಸ್ವಚ್ಛವಾಯಿತು. ನಾಯಿ ಚೀಲ ಹರಿಯುತ್ತದೆ, ಇಲಿ ಸೇರುತ್ತದೆ, ಇವೆಲ್ಲವನ್ನೂ ಮೇಲಿನಿಂದ ಕಂಡ ಹದ್ದು ಸುತ್ತು ಹಾಕುತ್ತ ಇಳಿಯುತ್ತದೆ. ತಂಗಿಯ ಓಣಿಯಲ್ಲಿ ಈ ಮಾತು ಬಂದಾಗ ಪಕ್ಕದ ಮನೆಯಾಕೆ ಕೇಳಿದಳು: "ನಾ ಒಬ್ಬಾಕಿ ಒಂದ್ ಚೀಲ ಒಗದ್ರ ವಿಮಾನ ಬೀಳ್ತದೇನ್ರಿ ಅಕ್ಕೋರೆ?"

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಲೆಕ್ಕಕ್ಕೆ ಕೂತರೆ ಅವಳದೇ ಸರಿ. ಅವಳೊಬ್ಬಳ ಚೀಲದಿಂದ ವಿಮಾನ ಬೀಳುವುದಿಲ್ಲ. ಆಚೆಮನೆಯವಳ ಚೀಲದಿಂದಲೂ ಇಲ್ಲ. ಹೀಗೆ ಒಬ್ಬೊಬ್ಬರನ್ನೇ ಬಿಡುತ್ತ ಹೋದರೆ ಊರಿನಲ್ಲಿ ತಪ್ಪು ಮಾಡಿದವರು ಯಾರೂ ಉಳಿಯುವುದಿಲ್ಲ. ತಪ್ಪು ಮಾತ್ರ ಖಾಲಿ ಸೈಟಿನಲ್ಲಿ ಗುಡ್ಡೆಯಾಗಿ ಬಿದ್ದಿರುತ್ತದೆ. ಹಾಗಾದರೆ ಸಾವಿರ ಜನರಿಗೆ ಹಂಚಿದ ತಪ್ಪು ತಪ್ಪೇ ಅಲ್ಲವೆ?

ಈ ಪ್ರಶ್ನೆಗೆ ಸಮಾಜ ಕಂಡುಕೊಂಡ ಸುಲಭದ ಉತ್ತರವೊಂದಿದೆ. 1937ರ ವಿಮಾನ ನಿಯಮಗಳಲ್ಲಿ 91ನೆಯದು, ವಿಮಾನನೆಲೆಯ ಸುತ್ತ 10 ಕಿಲೋಮೀಟರಿನೊಳಗೆ ಹಕ್ಕಿಗಳನ್ನು ಕರೆಯುವ ಹಾಗೆ ಪ್ರಾಣಿಗಳನ್ನು ಕಡಿದು ಸುಲಿಯುವುದನ್ನೂ ಕಸ ಸುರಿಯುವುದನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸಿತು. ಆದರೆ ಜಾರಿಯಾಗುವಾಗ ಆ ಒಂದು ಉಸಿರು ಎರಡಾಗುತ್ತದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ಐದು ದಿನಗಳ ವೈಮಾನಿಕ ಪ್ರದರ್ಶನ ನಡೆಯಿತು. ಅದಕ್ಕಾಗಿ ಜನವರಿ 30ರಿಂದ ಫೆಬ್ರವರಿ 20ರವರೆಗೆ ಸುತ್ತಲಿನ 10 ಕಿಲೋಮೀಟರಿನಲ್ಲಿ ಮಾಂಸದಂಗಡಿಗಳನ್ನು ಮುಚ್ಚಿಸಿದರು. 2025ರಲ್ಲಿ ಅದು 13 ಕಿಲೋಮೀಟರಾಯಿತು.

ಆ ಆಜ್ಞೆ ಸುಮ್ಮನೆ ಹೊರಟದ್ದಲ್ಲ. ಮಾಂಸದ ಚೂರಿಗೆ ಹದ್ದು ಬರುವುದು ನಿಜ. ಪೈಲಟ್‌ನ ಜೀವ ಅಂಗಡಿಯ ವ್ಯಾಪಾರಕ್ಕಿಂತ ದೊಡ್ಡದೆಂಬುದೂ ನಿಜ. ಆದರೂ ನನ್ನ ಮನಸ್ಸು ಒಪ್ಪದ ಒಂದು ಮಾತಿದೆ. ದಿನದ ದುಡಿಮೆಯಲ್ಲಿ ದಿನ ಕಳೆಯುವವನಿಗೆ ಮೂರು ವಾರ ಬಾಗಿಲು ಹಾಕು ಎಂದು ಹೇಳುತ್ತೇವೆ. ಅವನ ಅಂಗಡಿಯಲ್ಲಿ ಕೊಂಡು ಅಡುಗೆ ಮಾಡಿ, ಎಲುಬನ್ನು ಬೀದಿಗೆ ಒಗೆದ ನಮಗೆ ಏನು ಹೇಳುತ್ತೇವೆ? ಅವನಿಗೊಂದು ಅಂಗಡಿಯಿದೆ, ಅಂಗಡಿಗೊಂದು ಬಾಗಿಲಿದೆ, ಬೀಗ ಹಾಕಬಹುದು. ಹತ್ತು ಸಾವಿರ ಅಡುಗೆಮನೆಗಳಿಗೆ ಬೀಗ ಹಾಕಲು ಯಾರ ಕೈಲಾದೀತು? ಎಲ್ಲರ ತಪ್ಪನ್ನೂ ಕೈಗೆ ಸಿಗುವವನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ, ಅನುಕೂಲ. ಪ್ರದರ್ಶನ ಮುಗಿದ ಮೇಲೆ ಅಂಗಡಿ ತೆರೆಯುತ್ತದೆ. ಬೀದರಿನ ಹುಡುಗ ಹುಡುಗಿಯರು ಮಾತ್ರ ವರುಷವಿಡೀ ಹಾರುತ್ತಾರೆ.

ಇನ್ನು ಹಕ್ಕಿಯ ಪಾಡು. ವಿಮಾನಕ್ಕೆ ಹಕ್ಕಿ ಬಡಿಯಿತು ಎನ್ನುತ್ತೇವೆ. ನಾನು ಮಕ್ಕಳಿಗೆ ವ್ಯಾಕರಣ ಕಲಿಸಿದವಳು, ಈ ವಾಕ್ಯದ ಕರ್ತೃಪದ ಯಾವುದೆಂದು ನೋಡಿ. ಆಕಾಶ ಮೊದಲಿನಿಂದಲೂ ಯಾರದಾಗಿತ್ತೋ, ಊಟ ಇಟ್ಟು ಯಾರನ್ನು ಕರೆದೆವೋ, ಅದನ್ನೇ ಅಪರಾಧಿ ಮಾಡಿದೆವು. ಮಾಂಸದವನಿಗಾದರೂ ಬಾಯಿದೆ.

ಈ ಮಾತನ್ನು ಹೆಂಗಸರಿಗೆ ಹೇಳುವಾಗ ಒಂದು ಸುಲಭದ ದಾರಿಯಿದೆ. ಆ ವಿಮಾನದಲ್ಲಿ ನಿಮ್ಮ ಮಗನಿದ್ದರೆ, ಮಗಳಿದ್ದರೆ ಎಂದು ಕೇಳಿಬಿಡುವುದು. ನಾನು ಹಾಗೆ ಕೇಳಲಾರೆ. ನಮ್ಮ ಮಗಳಲ್ಲದಿದ್ದರೆ ಬೀಳಬಹುದೆ? ಸಂಬಂಧ ಕಂಡ ಮೇಲೆ ಹುಟ್ಟುವ ಕಾಳಜಿ ಮಮತೆ. ಅದು ಒಳ್ಳೆಯದೇ, ಆದರೆ ಅದಕ್ಕೆ ಕಣ್ಣಳತೆಯ ಮಿತಿಯಿದೆ. ಮುಖ ಕಾಣದವರಿಗಾಗಿ ಕೈ ತಡೆಯುವುದೇ ಧರ್ಮ.

ಭೀಮಾ ದಂಡೆಯ ಸೊನ್ನದವಳಾದ ನನಗೆ ಇದನ್ನು ಯಾವ ಪುಸ್ತಕವೂ ಕಲಿಸಬೇಕಾಗಿಲ್ಲ. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಅದು ನಮ್ಮ ಬ್ಯಾರೇಜಿಗೆ ಬರುತ್ತದೆ. ನಮ್ಮ ಗೇಟು ಎತ್ತಿದರೆ ಕೆಳಗಿನ ಊರುಗಳಿಗೆ ಹೋಗುತ್ತದೆ. 2020ರ ಅಕ್ಟೋಬರಿನ ಪ್ರವಾಹದಲ್ಲಿ ದಂಡೆಯ ಹಳ್ಳಿಗಳ ಜನ ದನಕರು ಹೊಡೆದುಕೊಂಡು ಎತ್ತರದ ಜಾಗ ಹುಡುಕಿದ್ದನ್ನು ಯಾರೂ ಮರೆತಿಲ್ಲ. ಉಜನಿಯಲ್ಲಿ ಗೇಟು ಎತ್ತುವವನು ನಮ್ಮ ಬಂಧುವಲ್ಲ, ನಮ್ಮ ಮುಖ ಕಂಡವನಲ್ಲ. ಆದರೂ ಎತ್ತುವ ಮುಂಚೆ ಅವನು ನಮ್ಮನ್ನು ನೆನೆಯಬೇಕು, ಮುನ್ಸೂಚನೆ ಕೊಡಬೇಕು ಎಂದು ನಾವು ಹಕ್ಕಿನಿಂದ ಕೇಳುತ್ತೇವೆ. ಮೇಲಿನವರಿಂದ ನಾವು ಕೇಳುವುದನ್ನೇ ಬೇರೆಯವರು ನಮ್ಮಿಂದ ಕೇಳಬಾರದೆ? ಬೀದರಿನ ಓಣಿಯಲ್ಲಿ ಮಾತ್ರ ದಿಕ್ಕು ತಿರುಗಿದೆ: ಅಲ್ಲಿ ಗೇಟು ಎತ್ತುವವರು ಕೆಳಗಿದ್ದೇವೆ, ಕೊಚ್ಚಿಹೋಗುವವರು ಮೇಲಿದ್ದಾರೆ.

ಆದ್ದರಿಂದ ಪಕ್ಕದ ಮನೆಯಾಕೆಗೆ ನನ್ನ ಉತ್ತರ ಇಷ್ಟು. ತಪ್ಪು ಎಂಬುದು ರೊಟ್ಟಿಯಲ್ಲ, ಹೆಚ್ಚು ಜನ ಹಂಚಿಕೊಂಡರೆ ಒಬ್ಬೊಬ್ಬರ ಪಾಲು ಚಿಕ್ಕದಾಗಲಿಕ್ಕೆ. ಅದು ದೀಪದ ಹಾಗೆ: ಒಂದರಿಂದ ನೂರು ಹಚ್ಚಿದರೂ ಒಂದೊಂದೂ ಪೂರ್ತಿ ಉರಿಯುತ್ತದೆ. ಹಾಗೆಂದು ಭಾರವೆಲ್ಲ ಹೆಂಗಸರ ಮೇಲೆಯೇ ಬೀಳಬಾರದು. ಕಸದ ಗಾಡಿ ಹೊತ್ತಿಗೆ ಸರಿಯಾಗಿ ಬರುವಂತೆ ಮಾಡುವುದು, ಮಾಂಸದಂಗಡಿಯ ತ್ಯಾಜ್ಯವನ್ನು ಮುಚ್ಚಿದ ಡಬ್ಬಿಯಲ್ಲಿ ದಿನವೂ ಒಯ್ಯುವುದು, ಅಂಗಡಿ ಮುಚ್ಚಿಸಿದರೆ ಆ ದಿನಗಳ ಗಳಿಕೆಯನ್ನು ತುಂಬಿಕೊಡುವುದು ಅಧಿಕಾರ ಉಳ್ಳವರ ಪಾಲಿನ ಹೊಣೆ. ಚೀಲ ಕಟ್ಟಿದ ಕೈ ಅದನ್ನು ಎಲ್ಲಿ ಇಡುತ್ತದೆ ಎಂಬುದು ನಮ್ಮ ಪಾಲಿನದು.

ಗೋಡೆಯೊಳಗೆ ಬಗ್ಗಿ ಕಲ್ಲುಹರಳು ಆರಿಸುವ ಸಿಪಾಯಿ, ನಾನೊಬ್ಬ ಆರಿಸದಿದ್ದರೆ ವಿಮಾನ ಬೀಳುತ್ತದೆಯೆ ಎಂದು ಕೇಳುವುದಿಲ್ಲ. ಅವನು ಆರಿಸಿದ ಹರಳಿನಿಂದ ಯಾವ ಜೀವ ಉಳಿಯಿತೆಂದು ಅವನಿಗೆ ಎಂದಿಗೂ ತಿಳಿಯುವುದಿಲ್ಲ. ತಿಳಿಯದೆಯೂ ಬಗ್ಗುತ್ತಾನೆ. ಯಾರೂ ಹೊಗಳದ, ಫಲ ಕಣ್ಣಿಗೆ ಕಾಣದ ಇಂಥ ಕೆಲಸ ದಿನವೂ ಮಾಡುವುದು ಮನೆವಾರ್ತೆ ನಡೆಸುವ ನಮಗೇನೂ ಹೊಸದಲ್ಲ.