ನೀರಿನ ಪಕ್ಕದ ಟೇಬಲ್ಲು

ನಮ್ಮೂರು ಬಂಗಾರಪೇಟೆ ಅಂದ ಕೂಡಲೇ ಆಫೀಸಿನ ಗೆಳೆಯರು ಕೇಳೋದು ಎರಡೇ ಪ್ರಶ್ನೆ. ಕೆ.ಜಿ.ಎಫ್ ಅಲ್ಲಿಂದ ಎಷ್ಟು ದೂರ? ನಿಮ್ಮೂರ ಪಾನಿಪುರಿ ನೀರಿಗೆ ಯಾಕೆ ಬಣ್ಣ ಇಲ್ಲ? ಎರಡನೇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ನೋಡೋಕೆ ಬರೀ ನೀರು, ಬಾಯಿಗೆ ಹಾಕ್ಕೊಂಡ ಮೇಲೆ ಕಣ್ಣಲ್ಲಿ ನೀರು, ಅಷ್ಟೇ ಗೊತ್ತು.

ಕೆಲವು ವರ್ಷಗಳಿಂದ ನನಗೆ ಮತ್ತು ಇಬ್ಬರು ಗೆಳೆಯರಿಗೆ ಒಂದು ಹವ್ಯಾಸ ಹತ್ತಿಕೊಂಡಿದೆ. ತಿಂಗಳಿಗೊಮ್ಮೆ ಎಲ್ಲಾದರೂ ನೀರಿನ ಪಕ್ಕ ಕೂತು ಊಟ ಮಾಡೋದು. ಟ್ರೆಕ್ಕಿಂಗಿಗೆ ಮಂಡಿ ಒಪ್ಪಲ್ಲ, ದೇವಸ್ಥಾನ ಸುತ್ತೋ ವಯಸ್ಸು ಇನ್ನೂ ಬಂದಿಲ್ಲ, ಆದರೆ ಊಟಕ್ಕೆ ಮೂವರೂ ರೆಡಿ. ಮಲ್ಪೆಯಲ್ಲಿ ಅಂಜಲ್ ಫ್ರೈ, ಆಲಪ್ಪುಳದ ಹಿನ್ನೀರಲ್ಲಿ ಕರಿಮೀನು, ಶ್ರೀರಂಗಪಟ್ಟಣದಲ್ಲಿ ಕಾವೇರಿ ಮೆಟ್ಟಿಲ ಮೇಲೆ ಕಟ್ಟಿಕೊಂಡು ಹೋದ ಮೊಸರನ್ನ. ಲ್ಯಾಪ್‌ಟಾಪಿನಲ್ಲಿ ಒಂದು ಶೀಟ್ ಮಾಡಿ ಜಾಗ, ಊಟ, ಬಿಲ್ಲು, ಮಾರ್ಕ್ಸು ಎಲ್ಲಾ ಬರೆದಿಟ್ಟಿದ್ದೀವಿ. ನೀರು ಎಷ್ಟು ಹತ್ತಿರವೋ ಅಷ್ಟು ಮಾರ್ಕ್ಸು.

ಅಮ್ಮನಿಗೆ ಇದು ಅರ್ಥವೇ ಆಗಿರಲಿಲ್ಲ. "ನೀರು ನೋಡ್ಕೊಂಡು ಊಟ ಮಾಡಿದ್ರೆ ಹೊಟ್ಟೆ ಜಾಸ್ತಿ ತುಂಬುತ್ತೇನೋ?" ಅಂತ ಕೇಳಿದ್ದಳು. ಸರಿ, ತೋರಿಸೋಣ ಅಂತ ಅವಳ ಹುಟ್ಟಿದಹಬ್ಬಕ್ಕೆ ಬೆಂಗಳೂರಿನ ಕೆರೆ ಪಕ್ಕದ ಒಂದು ಹೋಟೆಲ್ಲಿಗೆ ಕರ್ಕೊಂಡು ಹೋದೆ. ಮೊದಲೇ ಫೋನ್ ಮಾಡಿ ಅಂಚಿನ ಟೇಬಲ್ ಹಿಡಿದಿದ್ದೆ. ಅಮ್ಮ ಕೂತಳು, ಕೆರೆ ನೋಡಿದಳು, ಮೆನು ನೋಡಲಿಲ್ಲ. ಆರ್ಡರ್ ತಗೊಳ್ಳೋಕೆ ಬಂದ ಹುಡುಗನನ್ನು ಕೇಳಿದಳು: "ಈ ಕೆರೆಗೆ ನೀರು ಎಲ್ಲಿಂದ ಬರುತ್ತಪ್ಪಾ?"

"ಮಳೆ ನೀರು ಮೇಡಂ."

"ನಿಮ್ಮ ಅಡಿಗೆಮನೆ ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಗುತ್ತೆ?"

ಹುಡುಗ ನನ್ನ ಮುಖ ನೋಡಿದ. ಮ್ಯಾನೇಜರ್ ಹತ್ರ ಕೇಳ್ಕೊಂಡು ಬರ್ತೀನಿ ಅಂದ. ಊಟ ಬಂತು, ಬಿಲ್ಲು ಬಂತು, ಉತ್ತರ ಮಾತ್ರ ಬರಲಿಲ್ಲ. ನನಗೆ ಮುಜುಗರ ಆಯ್ತು. ಕಾರಿನಲ್ಲಿ ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ, "ಅದೆಲ್ಲಾ ನಮಗ್ಯಾಕಮ್ಮಾ?" ಅಮ್ಮ ಏನೂ ಹೇಳಲಿಲ್ಲ.

ಆ ಪ್ರಶ್ನೆಗಳು ಅವಳಿಗೆ ಎಲ್ಲಿಂದ ಬಂದವು ಅನ್ನೋದು ನನಗೆ ಗೊತ್ತಿರಬೇಕಿತ್ತು. ನದಿ ನಾಲೆ ಇಲ್ಲದ ಜಿಲ್ಲೆ ಅಂತಲೇ ಕೋಲಾರವನ್ನು ಕರೀತಾರೆ. ವರ್ಷಪೂರ್ತಿ ಹರಿಯುವ ಒಂದು ಹೊಳೆ ನಮಗಿಲ್ಲ. ಹಿಂದಿನವರು ಕಟ್ಟಿದ ಕೆರೆಗಳುಂಟು, ಅವಕ್ಕೆ ಮಳೆ ಬರಬೇಕು. ಕಾವೇರಿಯ ಕರೆಂಟು 1902ರಲ್ಲೇ ಶಿವನಸಮುದ್ರದಿಂದ ಕೆ.ಜಿ.ಎಫ್ ಗಣಿಗೆ ಬಂತು, ಆದರೆ ಕುಡಿಯೋ ನೀರಿಗೆ ಆ ಊರು ನಂಬಿದ್ದು ಪಾಲಾರ್ ಮೇಲಿನ ಬೇತಮಂಗಲದ ಕೆರೆಯನ್ನು. ನಾನು ಸ್ಕೂಲಿಗೆ ಹೋಗುವಾಗ ಟ್ಯಾಂಕರ್ ಬಂದ ದಿನ ಮನೆಯಲ್ಲಿ ಬೇರೆ ಯಾವ ಕೆಲಸವೂ ನಡೀತಿರಲಿಲ್ಲ. ಅಕ್ಕಿ ತೊಳೆದ ನೀರಲ್ಲಿ ಪಾತ್ರೆ ನೆನೀಬೇಕು, ಕೈ ತೊಳೆದ ನೀರು ಕರಿಬೇವಿನ ಬುಡಕ್ಕೆ ಹೋಗಬೇಕು. ಅಂಥ ಮನೆಯಲ್ಲಿ ಬೆಳೆದ ನಾನು ಈಗ ನೀರಿಗೆ ಮಾರ್ಕ್ಸು ಕೊಡ್ತಿದ್ದೆ.

ಆಮೇಲೊಂದು ಭಾನುವಾರ ಊರಿಗೆ ಹೋಗೋವಾಗ ದಾರಿಯಲ್ಲಿ ನರಸಾಪುರದ ಕಡೆ ಚಿಕ್ಕಪ್ಪನ ತೋಟಕ್ಕೆ ಹೋಗಿದ್ದೆ. ನಾನು ಚಿಕ್ಕವನಿದ್ದಾಗ ಕ್ರಿಕೆಟ್ ಆಡ್ತಿದ್ದ ಕೆರೆಯಂಗಳದಲ್ಲಿ ನೀರು ತುಂಬಿ ನಿಂತಿತ್ತು, ಕೊಕ್ಕರೆಗಳು ಬೇರೆ. "ಚಿಕ್ಕಪ್ಪಾ, ಇಲ್ಲೇ ಒಂದು ಹೋಟೆಲ್ ಹಾಕಬಹುದು" ಅಂದೆ. ಅವರು ನಕ್ಕರು. "ಇದು ನಿಮ್ಮದೇ ನೀರು ಕಣೋ, ನೀವು ಫ್ಲಶ್ ಮಾಡಿ ಕಳಿಸಿದ್ದು."

ತಮಾಷೆಯಲ್ಲ. ಅದು ಕೆ.ಸಿ. ವ್ಯಾಲಿ ಯೋಜನೆಯ ನೀರು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಪಂಪ್ ಮಾಡ್ತಾರೆ. 2018ರ ಜೂನ್‌ನಲ್ಲಿ ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 44 ಕೋಟಿ ಲೀಟರ್ ಹರಿಸೋದು ಗುರಿ. ಕುಡಿಯೋಕಲ್ಲ, ಅಂತರ್ಜಲ ಮೇಲೇರಲಿ ಅಂತ. ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು ಅಂತ ಜಗಳ, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟುವರೆಗೂ ಹೋಯ್ತು. ಚಿಕ್ಕಪ್ಪನ ಮನೆಯಲ್ಲೂ ಆ ಜಗಳ ಮುಗಿದಿಲ್ಲ. ಬತ್ತಿಹೋಗಿದ್ದ ಬೋರ್‌ವೆಲ್‌ನಲ್ಲಿ ನೀರು ಬಂದಿದೆ, ಟೊಮೆಟೊ ಬೆಳೆದಿದೆ ಅಂತ ಅವರಿಗೆ ಖುಷಿ. ಚಿಕ್ಕಮ್ಮ ಆ ನೀರಲ್ಲಿ ಬೇಳೆ ಕೂಡ ಬೇಯಿಸಲ್ಲ, ಕ್ಯಾನ್ ತರಿಸ್ತಾರೆ. ಇಬ್ಬರೂ ಸರಿ ಅಂತಲೇ ನನಗನ್ನಿಸಿತು.

ವಾಪಸ್ ಬರ್ತಾ ಲೆಕ್ಕ ಹಾಕಿದೆ. ನಾನು ಬೆಂಗಳೂರಲ್ಲಿ ತಿಂದು ತೊಳೆದ ನೀರು ಪೈಪಲ್ಲಿ ಇಲ್ಲಿಗೆ ಬರುತ್ತೆ. ಇಲ್ಲಿನ ಟೊಮೆಟೊ ಲಾರಿಯಲ್ಲಿ ಅಲ್ಲಿಗೆ ಹೋಗುತ್ತೆ. ಅದನ್ನು ಸಲಾಡ್ ಮಾಡಿ ಕೆರೆ ಕಾಣೋ ಟೇಬಲ್ಲಿನಲ್ಲಿ ನನಗೇ ಬಡಿಸ್ತಾರೆ. ಈ ಇಡೀ ಸುತ್ತಿನಲ್ಲಿ ನನ್ನ ಕಣ್ಣಿಗೆ ಬೀಳೋದು ಕೊನೆಯ ಸೀನ್ ಮಾತ್ರ, ಸಂಜೆ ಬಿಸಿಲಲ್ಲಿ ಹೊಳೆಯೋ ನೀರು.

ಹಾಗಾದರೆ ಇನ್ನೊಬ್ಬರಿಗೆ ಬದುಕಾಗಿರೋ ನೀರನ್ನು ನಾನು ನೋಟವಾಗಿ ಸವಿಯೋದು ತಪ್ಪಾ?

ಒಬ್ಬ ಗೆಳೆಯ ಹೇಳಿದ: "ದುಡ್ಡು ಕೊಟ್ಟಿದ್ದೀವಲ್ಲ ಗುರು." ಹೌದು, ಕೊಟ್ಟಿದ್ದೀವಿ. ಆದರೆ ಬಿಲ್ಲಿನಲ್ಲಿ ಮೀನಿಗೆ, ಎಣ್ಣೆಗೆ, ಕುರ್ಚಿಗೆ, ಸರ್ವಿಸಿಗೆ ದುಡ್ಡಿತ್ತು. ಕೆರೆ ಹೋಟೆಲಿನವರದ್ದಲ್ಲ. ತಮ್ಮದಲ್ಲದ್ದನ್ನು ಅವರು ಮಾರಲಾರರು, ನಾನು ಕೊಂಡೆ ಅನ್ನಲಾರೆ. ಇನ್ನೊಬ್ಬ ಹೇಳಿದ: "ಹಂಗಾದ್ರೆ ಬಿಟ್ಟುಬಿಡೋಣ." ಒಂದು ತಿಂಗಳು ಬಿಟ್ಟೆವು ಕೂಡ. ಆ ತಿಂಗಳು ಮಾಲ್‌ನಲ್ಲಿ ತಿಂದೆವು, ಪಾತ್ರೆ ತೊಳೆದ ನೀರು ಅಲ್ಲೂ ಹರಿಯಿತು. ನಾನು ಮುಖ ತಿರುಗಿಸಿದ್ದರಿಂದ ಚಿಕ್ಕಮ್ಮನ ಕ್ಯಾನಿನ ಖರ್ಚೇನೂ ಕಮ್ಮಿಯಾಗಲಿಲ್ಲ. ತಪ್ಪಿತಸ್ಥ ಅನ್ನಿಸಿಕೊಂಡು ಕೂರೋದು ಕೂಡ ಒಂಥರಾ ಆರಾಮವೇ.

ಅನ್ನ-ನೀರಿನ ಋಣ ಅಂತೀವಲ್ಲ, ಅದರಲ್ಲಿ ನನಗೆ ಬೇಕಾದ ಉತ್ತರ ಸ್ವಲ್ಪ ಸಿಕ್ಕಿತು. ಒಬ್ಬರ ಮನೆಯಲ್ಲಿ ಉಂಡರೆ ಅವರಿಗೆ ದುಡ್ಡು ಕೊಡಲ್ಲ, ಹಾಗಂತ ಉಣ್ಣೋದನ್ನೂ ಬಿಡಲ್ಲ. ಅವರ ಮನೆ ಕಷ್ಟ-ಸುಖ ವಿಚಾರಿಸ್ತೀವಿ, ಎಲೆ ಎತ್ತಿ ಏಳ್ತೀವಿ. ನೀರಿನ ಪಕ್ಕ ಕೂತಾಗಲೂ ನಾನು ಗಿರಾಕಿಗಿಂತ ಹೆಚ್ಚಾಗಿ ನೆಂಟ. ಎಲ್ಲಿಂದ ಬಂತು, ನಾನು ತೊಳೆದದ್ದು ಎಲ್ಲಿಗೆ ಹೋಗುತ್ತೆ ಅಂತ ಕೇಳೋದು ಆ ನೆಂಟಸ್ತನದ ಕನಿಷ್ಠ ಮರ್ಯಾದೆ. ಅಮ್ಮ ಆ ದಿನ ಮಾಡಿದ್ದು ಅಷ್ಟೇ, ಮುಜುಗರ ಪಟ್ಟವನು ನಾನು.

ಶೀಟಿಗೆ ಎರಡು ಕಾಲಂ ಸೇರಿಸಿದ್ದೇವೆ. ಬಹಳ ಕಡೆ ಅವು ಖಾಲಿ ಉಳಿಯುತ್ತವೆ. ಕರಾವಳಿಯ ಒಂದು ಜಾಗದಲ್ಲಿ ಅಡಿಗೆಮನೆ ಹಿಂದಿನ ಪೈಪು ನೇರವಾಗಿ ಹೊಳೆಗೆ ಬಿದ್ದಿದ್ದನ್ನು ನಾವೇ ನೋಡಿದೆವು. ಎದ್ದು ಬಂದೆವು ಅಂತ ಬರೆಯೋಕೆ ಆಸೆ. ಆದರೆ ಹಸಿವಾಗಿತ್ತು, ಮೀನು ಆಗಲೇ ತವದ ಮೇಲಿತ್ತು, ತಿಂದೆವು. ಮ್ಯಾನೇಜರಿಗೆ ಹೇಳಿದೆವು, ಮತ್ತೆ ಅಲ್ಲಿಗೆ ಹೋಗಿಲ್ಲ. ಇದು ಸಾಲದು ಅಂತ ಗೊತ್ತು. ಬರೀ ಕೇಳಿದ್ದರಿಂದ ಋಣ ತೀರಲ್ಲ, ಕೇಳದಿದ್ದರೆ ಋಣ ಇದೆ ಅನ್ನೋದೇ ಮರೆತುಹೋಗುತ್ತೆ.

ಕಳೆದ ಸಲ ಊರಿಗೆ ಹೋದಾಗ ಅಮ್ಮನನ್ನು ಬೇತಮಂಗಲ ಕೆರೆಗೆ ಕರ್ಕೊಂಡು ಹೋದೆ. ಹೋಟೆಲಿಲ್ಲ, ಬುಕಿಂಗ್ ಇಲ್ಲ. ಏರಿ ಮೇಲೆ ಪೇಪರ್ ಹಾಸಿ ಚಿತ್ರಾನ್ನ, ಮೊಸರನ್ನ ಬಿಚ್ಚಿದೆವು. ಗಾಳಿ ಚೆನ್ನಾಗಿತ್ತು. ಅಮ್ಮ ತುಂಬಾ ಹೊತ್ತು ನೀರನ್ನೇ ನೋಡ್ತಾ ತಿಂದಳು, ಎರಡನೇ ಸಲ ಬಡಿಸ್ಕೊಂಡಳು. ನಾನು ನೋಡಿ ನಕ್ಕಿದ್ದಕ್ಕೆ, "ಹೂಂ, ಜಾಸ್ತಿನೇ ಸೇರುತ್ತೆ ಕಣೋ" ಅಂತ ಒಪ್ಕೊಂಡಳು.

ಊಟ ಆದ ಮೇಲೆ ನಾನು ಕೈ ತೊಳೆಯೋಕೆ ಅಂತ ನೀರಿನ ಕಡೆ ಇಳಿಯೋಕೆ ಹೋದೆ. ಅಮ್ಮ ಹಿಂದಿನಿಂದ ಕರೆದಳು. ಬಾಟಲಿ ಹಿಡ್ಕೊಂಡು ಏರಿಯ ಈಚೆ ಕಡೆ ಒಂದು ಹೊಂಗೆ ಗಿಡದ ಹತ್ತಿರ ನಿಂತಿದ್ದಳು. ಇಬ್ಬರೂ ಅದರ ಬುಡದಲ್ಲೇ ಕೈ ತೊಳೆದೆವು.