ಸಮಾನ ಧರ್ಮ ಏನು ಬರೀಬೇಕ್ರಿ?

ಹತ್ತನೆಯ ತರಗತಿಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಒಂದು ವಾಕ್ಯ ಕೊಟ್ಟು, ಅದರಲ್ಲಿರುವ ಅಲಂಕಾರವನ್ನು ಹೆಸರಿಸಿ ಸಮನ್ವಯಗೊಳಿಸಿ ಎಂದು ಕೇಳುವುದುಂಟು. ಉತ್ತರದ ಕ್ರಮ ಮಕ್ಕಳಿಗೆ ಬಾಯಿಪಾಠ. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನ ಧರ್ಮ ಎಂದು ನಾಲ್ಕು ಮನೆ. ಮುಖ, ಕಮಲ, ಅಂತೆ, ಅರಳುವುದು. ನಾಲ್ಕೂ ತುಂಬಿದರೆ ಪೂರ್ಣೋಪಮೆ, ಒಂದು ಖಾಲಿ ಉಳಿದರೆ ಲುಪ್ತೋಪಮೆ. ಕೊನೆಗೆ ಅಲಂಕಾರದ ಹೆಸರು ಬರೆದು ಕೆಳಗೊಂದು ಗೆರೆ ಎಳೆದರೆ ಆಯಿತು, ಅಂಕ ಬಂದ ಹಾಗೆಯೇ. ಓದಿನಲ್ಲಿ ಹಿಂದುಳಿದ ಹುಡುಗರನ್ನು ದಡ ಸೇರಿಸಲು ನಾವು ಕನ್ನಡ ಶಿಕ್ಷಕರು ನಂಬಿಕೊಂಡಿರುವುದು ಇಂಥ ಅಂಕಗಳನ್ನೇ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವರ್ಗಾವಣೆಗಳ ದೆಸೆಯಿಂದ ವಿಜಯಪುರ ಜಿಲ್ಲೆಯ ಈ ನಾಲ್ಕೂ ತಾಲ್ಲೂಕುಗಳ ಹಳ್ಳಿಗಳಲ್ಲಿ ಈ ನಾಲ್ಕು ಮನೆಗಳನ್ನು ಬೋರ್ಡಿನ ಮೇಲೆ ಬರೆದಿದ್ದೇನೆ. ಕಮಲವನ್ನು ಚಿತ್ರದಲ್ಲಷ್ಟೇ ಕಂಡ ಮಕ್ಕಳು ಎಲ್ಲ ಕಡೆಯೂ ಇದ್ದರು. ಇನ್ನೊಂದು ಸಣ್ಣ ತೊಡಕು: ಉಪಮಾವಾಚಕಗಳೆಂದು ಪಟ್ಟಿ ಮಾಡಿ ಕಲಿಸುವುದು ಅಂತೆ, ಹಾಗೆ, ವೋಲ್, ತೆರದಿ ಮೊದಲಾದವನ್ನು. ನಮ್ಮ ಕಡೆ ಹೋಲಿಕೆ ನಡೆಯುವುದು ‘ಹಂಗ’ದಲ್ಲಿ, ‘ಗತೆ’ಯಲ್ಲಿ. ‘ಮಳ್ಳರ ಗತೆ ಯಾಕ ನಿಂತಿ?’ ಎಂದು ದಿನಕ್ಕೆ ಹತ್ತು ಸಲ ಉಪಮೆ ಪ್ರಯೋಗಿಸುವ ಹುಡುಗನಿಗೆ, ಉಪಮೆ ಎಂದರೆ ಪುಸ್ತಕದೊಳಗೆ ಮಾತ್ರ ಇರುವ ವಸ್ತು ಎಂದು ನಾವೇ ನಂಬಿಸಿಬಿಡುತ್ತೇವೆ.

ಪದ್ಯವನ್ನು ಹೀಗೆ ಕತ್ತರಿಸಿ ಮನೆಗಳಿಗೆ ತುಂಬುವುದರಿಂದ ಕಾವ್ಯ ಸಾಯುತ್ತದೆ ಎಂಬುದು ಹಳೆಯ ದೂರು. ಹಾಡಿಸಿ, ಅನುಭವಿಸಲು ಬಿಡಿ, ಬಿಡಿಸಬೇಡಿ ಎನ್ನುವ ಸಹೋದ್ಯೋಗಿಗಳು ನನಗಿದ್ದರು. ಅವರ ತರಗತಿಯಲ್ಲಿ ಮಕ್ಕಳು ನನ್ನ ತರಗತಿಗಿಂತ ಹೆಚ್ಚು ಖುಷಿಯಾಗಿದ್ದರು, ಅದನ್ನು ಅಲ್ಲಗಳೆಯಲಾರೆ. ಆದರೆ ದೂರನ್ನು ನಾನು ಒಪ್ಪುವುದಿಲ್ಲ. ನಮ್ಮ ಬಿಡಿಸುವಿಕೆ ಹೆಚ್ಚಾಯಿತು ಎನ್ನುವುದಕ್ಕಿಂತ ಅರ್ಧಕ್ಕೇ ನಿಂತಿತು ಎನ್ನುವುದೇ ಸರಿ. ನಾಲ್ಕು ಮನೆ ತುಂಬಿದ ಮೇಲೆ ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಹೋಲಿಕೆ ಸರಿಯೇ?

ಇದು ಹೊಸಗಾಲದ ಪ್ರಶ್ನೆಯೇನಲ್ಲ. ಭಾಮಹ ತನ್ನ ‘ಕಾವ್ಯಾಲಂಕಾರ’ದಲ್ಲಿ ಮೇಧಾವಿ ಎಂಬ ಇನ್ನೂ ಹಿಂದಿನ ಆಚಾರ್ಯನ ಹೆಸರು ಹೇಳಿ 7 ಉಪಮಾದೋಷಗಳನ್ನು ಎಣಿಸುತ್ತಾನೆ. ಉಪಮಾನ ಉಪಮೇಯಕ್ಕಿಂತ ತೀರ ಕೀಳಾಗಿದ್ದರೆ ದೋಷ, ಅಳತೆ ಮೀರಿ ಮೇಲಾಗಿದ್ದರೂ ದೋಷ, ಹೋಲಿಕೆಯೇ ಇಲ್ಲದಿದ್ದರೆ ದೋಷ. ದಂಡಿ ಸ್ವಲ್ಪ ಉದಾರಿ. ಲಿಂಗ, ವಚನ ಹೊಂದದಿದ್ದರೂ, ಉಪಮಾನ ಹೆಚ್ಚು ಕಡಿಮೆಯಾದರೂ, ತಿಳಿದವರ ಮನಸ್ಸಿಗೆ ಉದ್ವೇಗವಾಗದಿದ್ದರೆ ಅದು ದೋಷವಲ್ಲ ಎಂಬುದು ‘ಕಾವ್ಯಾದರ್ಶ’ದ ನಿಲುವು. ಆ ದಂಡಿಯನ್ನು ಬಹುಮಟ್ಟಿಗೆ ಅನುಸರಿಸಿದ ‘ಕವಿರಾಜಮಾರ್ಗ’, 9ನೇ ಶತಮಾನದ ನಮ್ಮ ಮೊದಲ ಉಪಲಬ್ಧ ಕೃತಿ, ಅಲಂಕಾರಗಳಿಗೆ ಎರಡು ಪರಿಚ್ಛೇದ ಕೊಟ್ಟರೂ ಮೊದಲನೆಯದನ್ನು ದೋಷಾದೋಷಗಳ ವಿವೇಚನೆಗೇ ಮೀಸಲಿಟ್ಟಿದೆ. ನಾವು ಶಾಲೆಗೆ ತಂದದ್ದು ಅಲಂಕಾರವನ್ನು. ದೋಷವನ್ನು ಗ್ರಂಥದಲ್ಲೇ ಬಿಟ್ಟು ಬಂದೆವು.

ದಂಡಿಯ ಮಾತಿನಲ್ಲಿ ನನ್ನನ್ನು ಬಹಳ ಕಾಲ ಕಾಡಿದ್ದು ಆ ‘ತಿಳಿದವರು’. ಯಾರ ಮನಸ್ಸಿಗೆ ಉದ್ವೇಗವಾದರೆ ಲೆಕ್ಕ? ಹೋಲಿಸಿದವರು ಒಬ್ಬರು, ಕೇಳಿ ತಲೆದೂಗಿದವರು ಇನ್ನೊಬ್ಬರು. ಹೋಲಿಸಿಕೊಂಡವರನ್ನು ಕೇಳುವ ಪದ್ಧತಿ ಇದೆಯೇ?

ಸಿಂದಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾಗ ನಡೆದದ್ದು ಇದು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ವಾರಗಟ್ಟಲೆ ಬಾರದ್ದರಿಂದ ಅವಳ ಮನೆಗೆ ಹೋಗಿದ್ದೆ. ಅಪ್ಪ ಕಟ್ಟೆಯ ಮೇಲೆ ಕೂಡ್ರಿಸಿ ಚಹಾ ಕೊಟ್ಟು, ಮೆತ್ತಗೆ ಹೇಳಿದ: ‘ಬೆಳದ ಹುಡುಗಿ ಅಂದ್ರ ಉಡ್ಯಾಗ ಕೆಂಡ ಕಟಗೊಂಡಂಗ್ರಿ ಸರ. ಎಷ್ಟ ದಿನಾ ಇಟ್ಕೋಬೇಕು?’ ಗಂಡು ನೋಡುತ್ತಿದ್ದರು. ಹದಿನೆಂಟು ತುಂಬದೆ ಮದುವೆ ಮಾಡಿದರೆ ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿಸಿದೆ. ಅದು ಅವನಿಗೂ ಗೊತ್ತಿತ್ತು. ಹುಡುಗಿ ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಮುಂದಿನ ಸೋಮವಾರ ಶಾಲೆಗೆ ಬಂದಳು. ಉಪಮಾಲಂಕಾರದ ಪಾಠ ನಡೆದಿತ್ತು. ಮನೆಯಲ್ಲಿ, ಓಣಿಯಲ್ಲಿ ಕೇಳಿದ ಒಂದು ಹೋಲಿಕೆಯನ್ನು ತಂದು ಸಮನ್ವಯ ಮಾಡಿರಿ ಎಂದು ಎಲ್ಲರಿಗೂ ಹೇಳಿದ್ದೆ. ಅವಳ ಹಾಳೆಯಲ್ಲಿ ಹೀಗಿತ್ತು: ಉಪಮೇಯ – ಬೆಳೆದ ಮಗಳು. ಉಪಮಾನ – ಉಡಿಯೊಳಗಿನ ಕೆಂಡ. ಉಪಮಾವಾಚಕ – ಹಂಗ. ನಾಲ್ಕನೆಯ ಮನೆ ಖಾಲಿ.

‘ಸಮಾನ ಧರ್ಮ ಏನು ಬರೀಬೇಕ್ರಿ ಸರ? ಸುಡೂದು ಅಂತ ಬರೀಬೇಕಂದ್ರ, ನಾ ಯಾರನ್ನ ಸುಟ್ಟೀನಿ?’

ವ್ಯಾಕರಣದ ಉತ್ತರ ಸುಲಭವಿತ್ತು. ಸಮಾನ ಧರ್ಮವನ್ನು ಬಾಯಿಬಿಟ್ಟು ಹೇಳಿಲ್ಲ, ಆದ್ದರಿಂದ ಇದು ಲುಪ್ತೋಪಮೆ. ಹಾಗೆಂದು ಬರೆಸಿ ಮುಂದೆ ಹೋಗಬಹುದಿತ್ತು. ಆದರೆ ಆ ಲೋಪದಲ್ಲೇ ಎಲ್ಲವೂ ಇದೆ ಎಂಬುದು ಅವಳಿಗೆ ಆಗಲೇ ಗೊತ್ತಾಗಿತ್ತು. ಹೇಳುವವನು ಹೇಳದೆ ಬಿಟ್ಟದ್ದನ್ನು ಕೇಳುವವರು ತಮಗೆ ತೋಚಿದಂತೆ ತುಂಬಿಕೊಳ್ಳುತ್ತಾರೆ. ಯಾರೂ ಬಾಯಿಬಿಟ್ಟು ಆರೋಪ ಮಾಡಬೇಕಾಗಿಲ್ಲ, ಉಪಮೆಯೇ ಆ ಕೆಲಸ ಮಾಡಿ ಮುಗಿಸಿರುತ್ತದೆ.

ಹೆಸರು ಹೇಳದೆ, ಬೇರೆ ದಿನ, ಅದೇ ಮಾತನ್ನು ಬೋರ್ಡಿನ ಮೇಲೆ ಬರೆದೆ. ಆ ಊರಲ್ಲಿ ಅದು ಯಾವ ಮನೆಯ ಮಾತೂ ಆಗಿರಬಹುದಿತ್ತು, ಹಾಗಾಗಿ ಯಾರೂ ಅವಳತ್ತ ತಿರುಗಲಿಲ್ಲ. ಮೊದಲು ಎಲ್ಲರೂ ಪುಸ್ತಕದಂತೆಯೇ ಬಿಡಿಸಿದರು. ಆಮೇಲೆ ಹಿಂದಿನ ಸಾಲಿನ ಒಬ್ಬ ಹುಡುಗ, ಅಷ್ಟೇನೂ ಓದದವನು, ‘ಸರ, ಇಲ್ಲಿ ಉಪಮೇಯ ಮಗಳಲ್ರಿ, ಅಪ್ಪ’ ಎಂದ. ಯಾಕೆ ಎಂದೆ. ‘ಕೆಂಡ ಕಟಗೊಂಡಾಂವ ಅಪ್ಪ. ಸುಡತೈತಿ ಅನ್ನಾಂವನೂ ಅಪ್ಪ. ಅಂವ ತನ್ನ ಸುದ್ದೀನ ಹೇಳಾಕತ್ತಾನ.’

ಅವನು ಹೇಳಿದ್ದು ಸರಿಯಾಗಿತ್ತು. ಆ ವಾಕ್ಯ ಮಗಳನ್ನು ಕುರಿತದ್ದಲ್ಲ, ಒಂದು ಭಯವನ್ನು ಕುರಿತದ್ದು. ಹಾಗಾದರೆ ಕೆಂಡಕ್ಕೆ ಬೆಂಕಿ ಹಚ್ಚಿದವರು ಯಾರು ಎಂಬ ಪ್ರಶ್ನೆ ತಾನಾಗಿಯೇ ಬಂತು. ಓಣಿಯ ಬಾಯಿ ಎಂದರು ಕೆಲವರು. ಬಸ್ ನಿಲ್ದಾಣದಲ್ಲಿ ನಿಲ್ಲುವ ಹುಡುಗರು ಎಂದಳೊಬ್ಬಳು, ಆ ಹುಡುಗರ ತಮ್ಮಂದಿರು ಕೆಲವರು ಅಲ್ಲಿಯೇ ಕೂತಿದ್ದರು. ಆಗ ಅವಳು, ಹಾಳೆ ಬರೆದವಳು, ಕೈ ಎತ್ತಿದಳು: ‘ಅಪ್ಪಗ ಉಡಿ ಎಲ್ಲೈತ್ರಿ? ಉಡಿ ಅವ್ವಂದು.’

ಇದಕ್ಕೆ ಆಕ್ಷೇಪ ಬಂತು. ನಮ್ಮ ಮುತ್ಯಾ ಬಿತ್ತುವಾಗ ಧೋತರದಲ್ಲೇ ಉಡಿ ಕಟ್ಟಿಕೊಂಡು ಬೀಜ ಹಾಕಿಕೊಳ್ಳುತ್ತಾನೆ ಎಂದ ಒಬ್ಬ. ಉಡಿ ತುಂಬುವುದು ಹೆಣ್ಣುಮಕ್ಕಳಿಗೆ, ಹತ್ತಿ ಬಿಡಿಸುವಾಗ ಉಡಿ ಕಟ್ಟುವವರೂ ಅವರೇ ಎಂದು ಹುಡುಗಿಯರು. ಹತ್ತು ನಿಮಿಷ ಗದ್ದಲ. ನಾನು ಸುಮ್ಮನೆ ನಿಂತೆ. ಅವಳ ಮಾತಿನ ತೂಕ ನನಗೆ ಸಂಜೆ ಬಸ್ಸಿನಲ್ಲಿ ಕೂತಾಗ ತಿಳಿಯಿತು. ಅಪ್ಪ ಬಳಸಿದ್ದು ತನ್ನದಲ್ಲದ ಉಡಿಯನ್ನು. ಕೆಂಡವೇ ಇದ್ದರೆ ಅದನ್ನು ಕಟ್ಟಿಕೊಂಡವಳು ಅವ್ವ. ಅಂದು ಅವಳ ಮನೆಯಲ್ಲಿ ನಾನು ಮುಕ್ಕಾಲು ಗಂಟೆ ಕೂತಿದ್ದೆ. ಅವ್ವ ಒಳಗಿದ್ದಳು, ಚಹಾ ಅವಳೇ ಕಾಸಿದ್ದಳು. ಅವಳು ಏನೆನ್ನುತ್ತಾಳೆ ಎಂಬ ಮಾತು ಆ ಮುಕ್ಕಾಲು ಗಂಟೆಯಲ್ಲಿ ಕಟ್ಟೆಯ ಮೇಲೆ ಬರಲೇ ಇಲ್ಲ.

ಈಗ ನನ್ನ ನಿಜವಾದ ಪ್ರಶ್ನೆಗೆ ಬರುತ್ತೇನೆ. ಅಪ್ಪನ ಮಾತನ್ನು ಬಿಡಿಸಿ ನೋಡುವ ಚಾಕುವನ್ನು ಮಗಳ ಕೈಗೆ ಕೊಡುವ ಹಕ್ಕು ನನಗಿದೆಯೇ? ನಾನು ಸಂಜೆ ಐದೂವರೆಯ ಬಸ್ಸು ಹತ್ತಿ ಸಿಂದಗಿಗೆ ಬರುವವನು. ಅವಳು ಅದೇ ಮನೆಯಲ್ಲಿ ಉಣ್ಣಬೇಕು, ಮಲಗಬೇಕು. ಕವಿತೆಯ ಉಪಮೆಯನ್ನು ಬಿಡಿಸಿದರೆ ಕವಿ ಎದ್ದು ಬಂದು ಬೈಯುವುದಿಲ್ಲ. ಹೆತ್ತವರ ಉಪಮೆ ಹಾಗಲ್ಲ. ಮನೆಯೊಳಗಿನ ಮಾತಿಗೆ ಒಂದು ಮಾನವಿದೆ, ಅದನ್ನು ಶಾಲೆಗೆ ತಂದು ಬೋರ್ಡಿಗೆ ಏರಿಸುವುದು ತಪ್ಪು ಎಂದು ಹಿರಿಯ ಶಿಕ್ಷಕರೊಬ್ಬರು ನೇರವಾಗಿಯೇ ಹೇಳಿದರು. ಅವರ ಮಾತಿನಲ್ಲಿ ಹುರುಳಿದೆ.

ಆದರೂ ನಾನು ಹುಡುಗಿಯ ಪಕ್ಷವೇ. ಹೋಲಿಕೆಯನ್ನು ಬಿಡಿಸಲು ಬಾರದಿದ್ದರೆ ಅದನ್ನು ಹೊತ್ತುಕೊಂಡು ತಿರುಗುವುದೊಂದೇ ದಾರಿ. ಕೆಂಡ ಎಂದು ಹತ್ತು ವರ್ಷ ಕರೆಸಿಕೊಂಡವಳು ತನ್ನಿಂದ ಎಲ್ಲರಿಗೂ ಕೇಡು ಎಂದು ನಂಬಿಬಿಡುತ್ತಾಳೆ. ಬಿಡಿಸಿದಾಗ ಅವಳಿಗೆ ಕಂಡದ್ದು ಬರೀ ಅಪ್ಪನ ತಪ್ಪಲ್ಲ, ಅಪ್ಪನ ಹೆದರಿಕೆ ಮತ್ತು ಅವ್ವನ ಮೌನ. ಅರ್ಧ ಬಿಡಿಸಿದ್ದರೆ ಸಿಟ್ಟು ಮಾತ್ರ ಉಳಿಯುತ್ತಿತ್ತೇನೋ. ಅಂದ ಹಾಗೆ, ಆ ವರ್ಷ ಮದುವೆ ಆಗಲಿಲ್ಲ. ಅದಕ್ಕೆ ಅಲಂಕಾರ ಕಾರಣವಲ್ಲ. ಮುಂಗಾರು ಕೈಕೊಟ್ಟು ತೊಗರಿ ಹೋಗಿತ್ತು, ಮದುವೆಯ ಖರ್ಚಿಗೆ ಹಣವಿರಲಿಲ್ಲ.

ಬಸವನ ಬಾಗೇವಾಡಿಯಲ್ಲಿ ಪಾಠ ಮಾಡುವಾಗ ಇದರ ಇನ್ನೊಂದು ಮಗ್ಗುಲು ಕಂಡಿತು. ಬಸವಣ್ಣ ಹುಟ್ಟಿದ ಊರೆಂದು ನಾಡು ನಂಬಿರುವ ಜಾಗವದು. ದೇಹವನ್ನೇ ದೇಗುಲವಾಗಿಸಿದ ಅವನ ವಚನವನ್ನು ಮಕ್ಕಳು ರೂಪಕಾಲಂಕಾರದ ಲಕ್ಷ್ಯವಾಗಿ ಓದುತ್ತಾರೆ. ದೇಹ ಉಪಮೇಯ, ದೇಗುಲ ಉಪಮಾನ, ಎರಡಕ್ಕೂ ಅಭೇದ. ಸರಿ. ಆದರೆ ಆ ವಚನ ಶುರುವಾಗುವುದು ಕೈಯಲ್ಲಿ ಹಣವಿಲ್ಲದವನ ಬಾಯಿಂದ. ಗುಡಿ ಕಟ್ಟಿಸಲಾರದವನು ತನಗೆ ಬೇಕಾದ ಉಪಮಾನವನ್ನು ತಾನೇ ಆರಿಸಿಕೊಂಡ. ಕೆಂಡಕ್ಕೂ ದೇಗುಲಕ್ಕೂ ಇರುವ ಅಂತರ ಅದು: ಒಂದು ಮೇಲಿನಿಂದ ಹೊರಿಸಿದ್ದು, ಇನ್ನೊಂದು ಆರಿಸಿಕೊಂಡದ್ದು. ಆ ರೂಪಕವನ್ನು ತೆಗೆದುಬಿಟ್ಟರೆ ಹಿಂದೆ ‘ಸಾದಾ ಅರ್ಥ’ ಎಂಬುದು ಉಳಿಯುವುದಿಲ್ಲ, ವಾದವೇ ಹೋಗುತ್ತದೆ. ಅದನ್ನು ಅಲಂಕಾರ, ಅಂದರೆ ಒಡವೆ, ಎಂದು ಕರೆಯುವುದು ನನಗೆ ಯಾವಾಗಲೂ ಸ್ವಲ್ಪ ಮುಜುಗರ.

ಆಗಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಗೆಳೆಯರು ಬೀಸುಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿದ್ದನ್ನು ಕೂಡಿಸಿ, 1931ರಲ್ಲಿ ‘ಗರತಿಯ ಹಾಡು’ ಬಂತು. ಅಕ್ಷರ ಬಾರದ ಬಾಯಿಗಳ ಉಪಮೆಗಳು ಅವು. ಓದು ಬಾರದೆಯೂ ಈ ನಾಡಿನ ಜನ ಕಾವ್ಯದಲ್ಲಿ ನುರಿತವರು ಎಂದು ಕವಿರಾಜಮಾರ್ಗ ಹೇಳಿದ ಮಾತಿಗೆ ಇಷ್ಟು ಹತ್ತಿರದ ಸಾಕ್ಷಿ ಬೇರೆ ಬೇಕಿಲ್ಲ. ಇಂಡಿಯಲ್ಲಿದ್ದಾಗ ಹೆಣ್ಣನ್ನು ಮಲ್ಲಿಗೆಗೆ ಹೋಲಿಸುವುದರ ಬಗ್ಗೆ ಮನೆಯಲ್ಲಿ ಕೇಳಿ ಬನ್ನಿ ಎಂದಿದ್ದೆ. ಹೆಚ್ಚಿನವರು ಸುವಾಸನೆ, ಬಿಳುಪು ಎಂದು ಬರೆದು ತಂದರು. ಒಬ್ಬಳ ಅಮ್ಮ, ಎಂದರೆ ಅಜ್ಜಿ, ಹೇಳಿ ಕಳಿಸಿದ್ದು: ‘ಮಲ್ಲಿಗಿ ಅಂದ್ರ ಸಂಜಿಗಿ ಬಾಡತಾಳ ಅಂತನೂ ಹೇಳಿದಂಗ ಆತಲ್ಲ.’ ಭಾಮಹನ ಪಟ್ಟಿಗೆ ಸೇರಬಹುದಾದ ಮಾತು.

ಎಲ್ಲವನ್ನೂ ಬಿಡಿಸಬೇಕೆಂದೂ ನಾನು ಹೇಳಲಾರೆ. ಆಲಮಟ್ಟಿಯಲ್ಲಿ 1964ರಲ್ಲಿ ಅಡಿಗಲ್ಲು ಬಿತ್ತು. ಮುಂದೆ ಕೃಷ್ಣೆಯ ಹಿನ್ನೀರು ಏರಿ ಊರುಗಳು ಎದ್ದವು, ಪುನರ್ವಸತಿ ಕೇಂದ್ರಗಳು ಹುಟ್ಟಿದವು. ಈಗ 519.60 ಮೀಟರಿನವರೆಗೆ ನೀರು ನಿಲ್ಲಿಸುತ್ತಾರೆ. 524.256ಕ್ಕೆ ಏರಿಸುವ ಮಾತು ಇನ್ನೂ ನಡೆದಿದೆ. ಅಂಥ ಒಂದು ಕೇಂದ್ರದ ಮಕ್ಕಳಿರುವ ತರಗತಿಯಲ್ಲಿ ‘ಮುಳುಗು’ ಎಂಬ ಕ್ರಿಯಾಪದದ ಲಾಕ್ಷಣಿಕ ಬಳಕೆಗಳನ್ನು ಕೇಳುತ್ತಿದ್ದೆ. ಸಾಲದಲ್ಲಿ ಮುಳುಗಿದ, ದುಃಖದಲ್ಲಿ ಮುಳುಗಿದಳು, ಕೆಲಸದಲ್ಲಿ ಮುಳುಗಿದರು. ‘ನಮ್ಮ ಊರು ಮುಳುಗೇತ್ರಿ’ ಎಂದ ಒಬ್ಬ. ಪಕ್ಕದವನು ನಕ್ಕ, ಅದು ಅಲಂಕಾರ ಅಲ್ಲಲೇ ಎಂದ. ಅಲ್ಲ, ನಿಜ. ಉಳಿದ ನಮಗೆಲ್ಲ ಉಪಮಾನವಾಗಿ ಒದಗುವ ಸಂಗತಿ ಅವನಿಗೆ ಮನೆಯ ವಿಳಾಸ. ಬೇಸಿಗೆಯಲ್ಲಿ ನೀರು ಇಳಿದಾಗ ಅವನ ಅಜ್ಜ ದಂಡೆಯ ತನಕ ಹೋಗಿ ನೋಡಿ ಬರುತ್ತಾನಂತೆ. ಆ ವಾಕ್ಯವನ್ನು ಬೋರ್ಡಿನ ಮೇಲೆ ಬರೆದೆ, ಯಾವ ಮನೆಗೂ ಹಾಕಲಿಲ್ಲ.

ಮುದ್ದೇಬಿಹಾಳದ ಕಡೆ ಬಂದಮೇಲೆ ಒಂದು ಕರಾರು ಮಾಡಿಕೊಂಡಿದ್ದೇನೆ. ಮಕ್ಕಳು ತಮಗೆ ಯಾರಾದರೂ ಹೊರಿಸಿದ ಹೋಲಿಕೆ ತರಬಹುದು. ಹೇಳಿದವರ ಹೆಸರು ಬರೆಯುವ ಹಾಗಿಲ್ಲ, ತರಲೇಬೇಕೆಂಬ ಒತ್ತಾಯವಿಲ್ಲ, ಅವರು ಒಪ್ಪದೆ ಬೋರ್ಡಿಗೆ ಏರುವುದಿಲ್ಲ. ಖಾಲಿ ಹಾಳೆ ಕೊಡುವವರೇ ಹೆಚ್ಚು. ಕಳೆದ ಸಲ, ಅಪ್ಪ ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ಮನೆಯ ಹುಡುಗನೊಬ್ಬ ಹೋಲಿಕೆಯೊಂದನ್ನು ತಂದ. ‘ಓದಲಿಲ್ಲಂದ್ರ ನಿಮ್ಮಪ್ಪನ ಗತೆ ಆಗ್ತಿ.’ ಯಾವುದೋ ಸಾಲಿಯಲ್ಲಿ ಯಾರೋ ಅಂದದ್ದಿರಬೇಕು. ಉಪಮೇಯ – ನಾನು. ಉಪಮಾನ – ನಮ್ಮಪ್ಪ. ಉಪಮಾವಾಚಕ – ಗತೆ. ಸಮಾನ ಧರ್ಮದ ಎದುರು ಜಾಗ ಸಾಲದೆ ಹಾಳೆಯ ಹಿಂದಕ್ಕೂ ಬರೆದಿದ್ದ: ನಸುಕಿನಾಗ ಏಳೂದು, ಕುಡಿಯೋದಿಲ್ಲ, ಅವ್ವಗ ಹೊಡಿಯೋದಿಲ್ಲ, ಯಾರ ಕೊಟ್ಟ ಸಾಲಾನೂ ಮುಳುಗ್ಸೋದಿಲ್ಲ, ತಂಗಿನ್ನ ಹೆಗಲ ಮ್ಯಾಲ ಕುಂಡ್ರಸ್ಕೊಂಡು ಜಾತ್ರಿ ತೋರಸ್ತಾನ.

ಇದನ್ನು ಬೋರ್ಡಿನ ಮೇಲೆ ಬರೀಲೇನು ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದ. ‘ಬ್ಯಾಡ್ರಿ’ ಎಂದು ಹಾಳೆ ಇಸಿದುಕೊಂಡು, ಮಡಚಿ ಕಿಸೆಯಲ್ಲಿ ಇಟ್ಟುಕೊಂಡ.